ಒಂದು ಗಂಟೆಗೆ ನಿಂತ ರೋಲರ್

ಕೆಡವಿದ ಕಟ್ಟಡಗಳನ್ನು ಪುಡಿಮಾಡಿ ತಯಾರಿಸಿದ ಜಲ್ಲಿಗೆ ಹಳೆಯ ಚಾಳಿ ಹೋಗುವುದಿಲ್ಲ ಎಂಬುದು ರೋಡ್‌ರೋಲರ್ ಓಡಿಸುವ ದ್ಯಾಮವ್ವನಿಗೆ ಹೊಸದೇನಲ್ಲ. ಥಿಯೇಟರಿನ ಜಲ್ಲಿ ಹಾಸಿದ ರಸ್ತೆ ಶುಕ್ರವಾರ ಬಂದರೆ ಶಿಳ್ಳೆ ಹೊಡೆಯುತ್ತದೆ. ಗರಡಿಮನೆಯದು ಎಷ್ಟು ಭಾರ ಹೇರಿದರೂ ಕುಸಿಯುವುದಿಲ್ಲ. ಅದಕ್ಕೇ ಆಸ್ಪತ್ರೆ ರಸ್ತೆಯ ತಳಕ್ಕೆ ಗರಡಿಮನೆಯದನ್ನೇ ತರಿಸಿದ್ದರು.

ಆದರೆ ಇವತ್ತು ಹಾಸಿದ ಜಲ್ಲಿಯ ಮೇಲೆ ರೋಲರ್ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ನಿಂತುಬಿಟ್ಟಿತು. ಇಂಜಿನ್ ಗುಡುಗುತ್ತಿತ್ತು, ಚಕ್ರ ಮಾತ್ರ ಅಲುಗಲಿಲ್ಲ. ಎರಡೂವರೆಗೆ ಕೆಳಗಿನ ಜಲ್ಲಿ ಉದ್ದಕ್ಕೆ ಆಕಳಿಸಿತು. ರೋಲರ್ ನಾಲ್ಕು ಮಾರು ಹೋಗಿ ಮತ್ತೆ ನಿಂತಿತು.

ದ್ಯಾಮವ್ವ ನಕ್ಕಳು. "ಸಾಹೇಬ್ರ, ಕ್ರಷರ್‌ನವ್ರು ಲೋಡ್ ಅದಲುಬದಲು ಮಾಡ್ಯಾರ. ಇದು ನಮ್ಮ ಹಳೇ ತಾಲ್ಲೂಕು ಕಚೇರಿ ಖಡಿ!"

ಎಂಜಿನಿಯರ್ ಹೊಸಮನಿ ತಲೆಯ ಮೇಲೆ ಕೈ ಹೊತ್ತರು. "ಇದರ ಮ್ಯಾಲೆ ಆಂಬುಲೆನ್ಸ್ ಬಂದ್ರ ಏನು ಗತಿ? ಎಲ್ಲಾ ತಗಿಸಿ ಹಳ್ಳಕ್ಕ ಸುರೀರಿ."

"ಹಳ್ಳಕ್ಯಾಕ್ರೀ? ಶಾಲಿ ಮುಂದ ಹಾಕೋಣು. ಮಧ್ಯಾಹ್ನ ಊಟಕ್ಕ ಬಿಟ್ಟಾಗ ಹುಡುಗ್ರು ಓಡಿ ರಸ್ತೆ ದಾಟ್ತಾವ, ಉಸುಕಿನ ಲಾರಿ ಅಲ್ಲೇ ಹಾರಿ ಬರ್ತಾವ," ಎಂದಳು ದ್ಯಾಮವ್ವ. "ಮೂವತ್ತು ವರ್ಷ ನಮ್ಮನ್ನ ನಿಲ್ಲಿಸಿದ ಕಲ್ಲು, ಇನ್ನ ಲಾರಿ ನಿಲ್ಲಿಸಲಿ."