ನೂರ ಎಂಬತ್ತರಲ್ಲಿ ನಿಂತ ಪಂಪ್

ಮಾಲವಿಕಾ ವೋಲ್ಟೇಜ್ ಇಳಿಸುವ ಗುಂಡಿಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದಳು. ಇನ್ನೂರ ಮೂವತ್ತು, ಇನ್ನೂರ ಹತ್ತು, ಇನ್ನೂರು. ನೂರ ಎಂಬತ್ತಕ್ಕೆ ಬರುತ್ತಲೇ ಮೇಜಿನ ಮೇಲಿದ್ದ ಪಂಪ್ ಒಮ್ಮೆ ತಡವರಿಸಿ ನಿಂತುಹೋಯಿತು. ಹಸುಗೂಸುಗಳಿಗೆ ಹನಿಹನಿಯಾಗಿ ಔಷಧಿ ಕೊಡುವ ಪಂಪ್ ಅದು. ಅದಕ್ಕೆ ಹನ್ನೆರಡು ವೋಲ್ಟ್ ಡಿಸಿ ಒದಗಿಸುವ ಪವರ್ ಸಪ್ಲೈಗಳನ್ನು ಅವಳೂ ಸುಧೀಂದ್ರನೂ ಸಮಪಾಲುದಾರರಾಗಿ ರಾಜಾಜಿನಗರದ ಈ ಶೆಡ್ಡಿನಲ್ಲಿ ತಯಾರಿಸುತ್ತಿದ್ದರು.

“ಇನ್ನೊಂದು ಸಪ್ಲೈ ಹಾಕಿ ನೋಡೇ,” ಎಂದ ಸುಧೀಂದ್ರ.

“ಎಲ್ಲಾನೂ ನೋಡಾಯ್ತು ಕಣೋ. ಈ ಸಲ ಬಂದಿರೋ ಟ್ರಾನ್ಸ್‌ಫಾರ್ಮರ್‌ಗಳೇ ಸರಿ ಇಲ್ಲ. ಒಳಗೆ ತಂತಿ ಸುತ್ತು ಕಮ್ಮಿ ಹಾಕಿದಾರೆ.”

ಇಬ್ಬರೂ ಒಂದೇ ಕ್ಲಾಸಿನಲ್ಲಿ ಎಂಜಿನಿಯರಿಂಗ್ ಓದಿದವರು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ. ಹಿಂದೆ ಮುಂದೆ ಹರಿಯುವ ಆ ಕರೆಂಟನ್ನು ರೆಕ್ಟಿಫೈಯರ್ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಅದರ ತಗ್ಗುಗಳನ್ನು ಕೆಪಾಸಿಟರ್ ತುಂಬುತ್ತದೆ. ಕೊನೆಯಲ್ಲಿರುವ ರೆಗ್ಯುಲೇಟರ್ ಹೆಚ್ಚಾಗಿ ಬಂದದ್ದನ್ನು ತಡೆದು ಹನ್ನೆರಡಕ್ಕೆ ನಿಲ್ಲಿಸಬಲ್ಲದು. ಬಾರದೇ ಇದ್ದದ್ದನ್ನು ಅದು ಎಲ್ಲಿಂದ ತಂದೀತು? ಇದು ಅವಳಿಗೆಷ್ಟೋ ಅವನಿಗೂ ಅಷ್ಟೇ ಗೊತ್ತಿತ್ತು.

“ಆರ್ಡರ್ ಕೊಟ್ಟೋರು ಟೆಸ್ಟ್ ಮಾಡೋದು ಇನ್ನೂರ ಮೂವತ್ತರಲ್ಲಿ. ಅದರಲ್ಲಿ ಪಾಸ್ ಆಗತ್ತೆ,” ಎಂದ.

“ಹೋದ ಬೇಸಿಗೇಲಿ ಈ ಪಂಪ್‌ಗಳು ಹೋಗೋ ತಾಲ್ಲೂಕು ಆಸ್ಪತ್ರೆಗೆ ಇಬ್ರೂ ಹೋಗಿದ್ವಲ್ಲ. ಸಂಜೆ ಹೊತ್ತು ಮಕ್ಕಳ ವಾರ್ಡಲ್ಲಿ ಎಷ್ಟಿತ್ತು?”

ಸುಧೀಂದ್ರ ಕಿಟಕಿಯ ಕಡೆ ನೋಡಿದ. “ನೂರ ಎಪ್ಪತ್ತು.”

“ಮತ್ತೆ?”

“ಇವತ್ತು ಕಳಿಸ್ದಿದ್ರೆ ಆರ್ಡರ್ ಹೋಗತ್ತೆ ಮಾಲು. ಆಮೇಲೆ ಶೆಡ್ಡಿಗೆ ಬೀಗ ಹಾಕ್ಬೇಕಷ್ಟೆ. ಟೆಸ್ಟ್ ರಿಪೋರ್ಟಿಗೆ ನೀನು ಸಹಿ ಮಾಡ್ದೇ ಇದ್ರೆ ಬಿಡು, ನಾನೇ ಮಾಡ್ತೀನಿ.”

ಅಷ್ಟರಲ್ಲಿ ಟೆಂಪೋ ಡ್ರೈವರ್ ಅಮೀನಪ್ಪ ಬಾಗಿಲಲ್ಲಿ ಇಣುಕಿದ. “ಲೋಡ್ ಮಾಡ್ಲಾ ಮೇಡಂ?”

“ಬೇಡ ಅಮೀನಪ್ಪ. ಗಾಡಿ ತಗೊಂಡು ಹೊರಡಿ.”

“ಮಾಡಿ, ಮಾಡಿ!” ಎಂದ ಸುಧೀಂದ್ರ ಜೋರಾಗಿ.

ಮಾಲವಿಕಾ ಕಟಿಂಗ್ ಪ್ಲೇಯರ್ ಕೈಗೆತ್ತಿಕೊಂಡಳು. ಹತ್ತಿರದ ಪವರ್ ಸಪ್ಲೈ ಪೆಟ್ಟಿಗೆಯ ಮುಚ್ಚಳ ತೆಗೆದು, ಟ್ರಾನ್ಸ್‌ಫಾರ್ಮರಿನಿಂದ ಹೊರಬರುವ ತಂತಿಗಳನ್ನು ಮತ್ತೆ ಬೆಸುಗೆ ಹಾಕಲು ತುದಿಯೇ ಸಿಗದ ಹಾಗೆ ಬುಡದಲ್ಲೇ ಕತ್ತರಿಸಿದಳು. ಮುಂದಿನದನ್ನು ಎಳೆದುಕೊಂಡಳು. ಅಮೀನಪ್ಪ ಇಬ್ಬರ ಮುಖವನ್ನೂ ನೋಡಿ ಹೊರಗೆ ಹೋದ.

“ಏಯ್, ಹುಚ್ಚು ಹಿಡಿದಿದ್ಯಾ ನಿಂಗೆ? ಇದರಲ್ಲಿ ಅರ್ಧ ನಂದು ಕಣೇ!”

ಮಾಲವಿಕಾ ತಲೆ ಎತ್ತಲಿಲ್ಲ. ಡ್ರಾಯರಿನಿಂದ ಇನ್ನೊಂದು ಪ್ಲೇಯರ್ ತೆಗೆದು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು.

“ಹಾಗಾದ್ರೆ ನಿನ್ನ ಅರ್ಧಾನ ನೀನೇ ಕತ್ತರಿಸು.”

ಹೊರಗೆ ಟೆಂಪೋ ಸ್ಟಾರ್ಟ್ ಆಯಿತು. ಆ ಖಾಲಿ ಗಾಡಿಯ ಗಡಗಡ ಸದ್ದು ರಸ್ತೆಯ ತಿರುವಿನವರೆಗೂ ಕೇಳಿಸುತ್ತಿತ್ತು.