ಪುಸ್ತಕಗಳ ಆಸ್ಪತ್ರೆ

ಭಾನುವಾರ ಗ್ರಂಥಾಲಯದಲ್ಲಿ ‘ಪುಸ್ತಕಗಳ ಆಸ್ಪತ್ರೆ’ ತೆರೆದಿತ್ತು. ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕೂತು ಹರಿದ ಪುಸ್ತಕಕ್ಕೆ ಗೋಂದು ಹಚ್ಚಿ, ಬಟ್ಟೆಪಟ್ಟಿ ಕಟ್ಟಿ, ಗಾಯ ಹೇಗಾಯಿತೆಂದು ಚೀಟಿಯಲ್ಲಿ ಬರೆಯಬೇಕು. ಬೆನ್ನು ಮುರಿದವು, ಮುಖ ಕಿತ್ತುಬಂದವು, ಯಾರೋ ಸಿಟ್ಟಿನಲ್ಲಿ ಎರಡಾಗಿ ಸೀಳಿದವು ಮೇಜಿನ ತುಂಬ ಬಿದ್ದಿದ್ದವು. ಈ ಊರಿನವರು ಪುಸ್ತಕ ಓದುತ್ತಾರೋ, ಅದರ ಜೊತೆ ಕುಸ್ತಿಯಾಡುತ್ತಾರೋ ಎಂದು ಗ್ರಂಥಪಾಲಕಿ ವನಮಾಲಾಗೆ ಅನುಮಾನ.

ಚೀಟಿ ಓದುತ್ತ ಅವಳು ನಗುತ್ತಿದ್ದಳು. ‘ತಮ್ಮ ಕಚ್ಚಿದ.’ ‘ಸಾಂಬಾರು ಚೆಲ್ಲಿತು.’ ಎರಡು ಜಡೆಯ ಪುಟ್ಟಿಯೊಬ್ಬಳ ಐದೂ ಚೀಟಿಯಲ್ಲಿ ಒಂದೇ ಮಾತಿತ್ತು: ‘ಬಚ್ಚಲಲ್ಲಿ ಜಾರಿ ಬಿದ್ದದ್ದು.’

“ಪುಸ್ತಕ ಬಚ್ಚಲಿಗೆ ಯಾಕಮ್ಮಾ ಹೋಗುತ್ತೆ? ನೋಡು, ಇದನ್ನ ಯಾರೋ ಬೇಕಂತಲೇ ಹರಿದಿದಾರೆ. ಇದರ ಮೇಲೆ ಬೂಟಿನ ಗುರುತಿದೆ. ನಿಜ ಬರಿ.”

ಪಕ್ಕದಲ್ಲಿ ಪಟ್ಟಿ ಕತ್ತರಿಸುತ್ತಿದ್ದ ಪುಟ್ಟಿಯ ಅಪ್ಪನ ಕತ್ತರಿ ತಟ್ಟನೆ ನಿಂತಿತು. ಕೈಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಅಮ್ಮ ತಲೆ ಎತ್ತಲಿಲ್ಲ.

ಪುಟ್ಟಿ ವನಮಾಲಾಳ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು:

“ಆಸ್ಪತ್ರೇಲಿ ಹಾಗೇ ಹೇಳ್ಬೇಕು ಮಿಸ್. ಇಲ್ಲಾಂದ್ರೆ ಮನೆಗೆ ಹೋದ್ಮೇಲೆ ಇನ್ನೊಂದ್ಸಲ ಜಾರಿ ಬೀಳ್ಬೇಕಾಗುತ್ತೆ.”