ವರ್ಷದ ಮೊದಲ ಕಾಲು

“ನೀವಲ್ಲ. ಹಿಂದೆ ನಿಂತಿದ್ದಾರಲ್ಲ, ಅವರು ಮೊದಲು ಬರಲಿ” ಎಂದು ಮೊರಾಗ್ ಮೇಡಂ ಬಾಗಿಲಲ್ಲಿ ಕೈ ಅಡ್ಡ ಹಿಡಿದರು. ಹೊಸ್ತಿಲ ಮೇಲೆ ಎತ್ತಿದ್ದ ಶಿಹಾಬನ ಕಾಲು ಅಲ್ಲೇ ನಿಂತಿತು. ಹಿಂದೆ ಇದ್ದವನು ಸೋಮನಾಥ, ಮಸ್ಕತ್‌ನ ವಾದಿ ಕಬೀರಿನ ಮೇಂಟೆನೆನ್ಸ್ ಕಂಪನಿಯೊಂದರ ಸೂಪರ್‌ವೈಸರ್. ಗೀಸರ್ ಕೆಟ್ಟಿದೆ ಎಂದು ಈ ಸ್ಕಾಟ್ಲೆಂಡಿನ ಮುದುಕಿ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದರಿಂದ, ಟೆಕ್ನಿಶಿಯನ್ ಶಿಹಾಬನನ್ನು ಕರೆದುಕೊಂಡು ತಾನೇ ಬಂದಿದ್ದ. ಅವತ್ತು ಜನವರಿ ನಾಲ್ಕನೇ ತಾರೀಕು.

ಯಾರದೇ ಮನೆಗೆ ಹೋದರೂ ಹಿಂದೆ ನಿಲ್ಲುವುದು ಸೋಮನಾಥನಿಗೆ ನಲವತ್ತೆಂಟು ವರ್ಷದ ಅಭ್ಯಾಸ. ಹುಟ್ಟಿದ ಹನ್ನೊಂದನೇ ದಿನಕ್ಕೆ ಅಪ್ಪನನ್ನು ನುಂಗಿದವನೆಂದು ಇಳಕಲ್ಲಿನಲ್ಲಿ ಹೆಸರಾದವನು. ಅಪ್ಪ ವರ್ಷದಿಂದ ಕೆಮ್ಮಿ ಕೆಮ್ಮಿ ರಕ್ತ ಕಾರುತ್ತಿದ್ದ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಕಾಲ್ಗುಣ ಸರಿಯಿಲ್ಲ ಎಂಬ ಆ ಮಾತಿಗೆ ಹೆದರಿ ಹೆಣ್ಣೂ ಯಾರೂ ಕೊಡಲಿಲ್ಲ. ಅಣ್ಣ ಕಲ್ಲಯ್ಯ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆಂದು ಸೋಮನಾಥ ರಜೆ ಹಾಕಿ, ರೂವಿ ಪೇಟೆಗೆ ಹೋಗಿ ಅವ್ವನಿಗೊಂದು ಶಾಲೂ ಕೊಂಡಿದ್ದ. ನಿನ್ನೆ ಅಣ್ಣನ ಫೋನ್ ಬಂತು: “ಸೋಮಾ, ಎಲ್ಲಾರೂ ಹೊಸಾ ಮನೀ ಹೊಕ್ಕು ಎಂಟ್ ದಿನಾ ಆಗ್ಲಿ. ಆಮ್ಯಾಲೆ ಸಾವಕಾಶ ಬಾರಪಾ. ಅಷ್ಟ್ ದೂರಿಂದ ಗದ್ದಲದಾಗ ಯಾಕ ಬರ್ತಿ?” ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಸೋಮನಾಥನಿಗೆ ಮಾತ್ರ ಎರಡೂ ಕಡೆ ಸ್ಪಷ್ಟವಾಗಿ ಕಂಡಿತ್ತು.

“ನಮ್ಮ ಲೂಯಿಸ್ ದ್ವೀಪದಲ್ಲಿ ಹೊಸ ವರ್ಷಕ್ಕೆ ಮನೆಯೊಳಗೆ ಮೊದಲ ಕಾಲು ಇಡುವವನು ಎತ್ತರದ ಆಳಾಗಿರಬೇಕು, ಕಪ್ಪು ಕೂದಲಿರಬೇಕು” ಎಂದರು ಮೊರಾಗ್. “ಕೆಂಪು ಕೂದಲಿನವನು ಬಂದರೆ ವರ್ಷವಿಡೀ ಕೇಡು. ಹಿಂದೆ ಹಡಗಿನಲ್ಲಿ ಬಂದು ಲೂಟಿ ಮಾಡಿದವರ ಕೂದಲು ಹಾಗಿತ್ತಂತೆ. ನಮ್ಮ ಗೇಲಿಕ್ ಭಾಷೆಯಲ್ಲಿ ಇದನ್ನು ಚೆನ್ನಾಗಿ ಹೇಳಬಹುದು, ಆದರೆ ತಿಳಿಯುವವರು ಮಸ್ಕತ್‌ನಲ್ಲಿ ನನಗೆ ಯಾರೂ ಉಳಿದಿಲ್ಲ.”

“ಇದು ಮದರಂಗಿ ಮಾರಾಯ್ರೆ, ಹುಟ್ಟಿದ ಬಣ್ಣ ಅಲ್ಲ!” ಎಂದು ಉಪ್ಪಿನಂಗಡಿಯ ಶಿಹಾಬ್ ತಲೆ ಮುಟ್ಟಿಕೊಂಡು ಕನ್ನಡದಲ್ಲೇ ಗೊಣಗಿದ. ಸೋಮನಾಥನ ಕಪ್ಪೂ ಪ್ಯಾಕೆಟ್ಟಿನದೇ, ಆದರೆ ಅದನ್ನು ಯಾರೂ ಕೇಳಲಿಲ್ಲ. ಮೊದಲ ಕಾಲಿನವನು ಬರಿಗೈಯಲ್ಲಿ ಬರಬಾರದು, ಒಲೆ ಆರದಿರಲೆಂದು ಒಂದು ತುಂಡು ಇದ್ದಿಲು ತರಬೇಕು ಎಂದರು ಮೊರಾಗ್. ಶಿಹಾಬ್ ತಿರುವಿನ ಅಂಗಡಿಗೆ ಓಡಿದ. ಧೂಪ ಹಾಕಲು ಕೆಂಡ ಮಾಡುವ ಇದ್ದಿಲ ಬಿಲ್ಲೆ ಇಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಹೊಸ್ತಿಲ ಆಚೆಗೊಬ್ಬರು, ಈಚೆಗೊಬ್ಬರು ಉಳಿದರು. ಸೋಮನಾಥನಿಗೆ ಹೆದರಿಕೆಯಾಯಿತು. ಇಷ್ಟು ವಯಸ್ಸಾದ ಹೆಂಗಸು. ನಾಳೆ ಏನಾದರೂ ಆದರೆ?

“ಮೇಡಂ, ಬೇಡ. ನನ್ನ ಕಾಲು ಒಳ್ಳೆಯದಲ್ಲ. ನಾನು ಹೊಕ್ಕ ಮನೆಗೆ ಕೆಡುಕಾಗುತ್ತದೆ ಅಂತ ನಮ್ಮ ಮನೆಯವರೇ ಹೇಳುತ್ತಾರೆ” ಎಂದು ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿಬಿಟ್ಟ.

ಮೊರಾಗ್ ಅವನ ಬೂಟುಗಳನ್ನು ನೋಡಿದರು. “ನನ್ನ ಗಂಡ ಇಯನ್‌ನ ಕಾಲು ಬಹಳ ಒಳ್ಳೆಯದೆಂದು ಅಕ್ಕಪಕ್ಕದವರೆಲ್ಲ ಅವನನ್ನೇ ಕರೆಯುತ್ತಿದ್ದರು. ಅಂಥ ಕಾಲು ಪ್ರತಿ ವರ್ಷ ನಮ್ಮ ಮನೆಗೇ ಮೊದಲು ಬಂತು. ಆದರೂ ಎರಡು ವರ್ಷದ ಹಿಂದೆ ಅವನೇ ಹೋದ, ಇಲ್ಲೇ ಮಣ್ಣು ಮಾಡಿದೆವು. ನಾಲ್ಕು ದಿನದಿಂದ ಈ ಬಾಗಿಲು ನೋಡುತ್ತ ಕೂತಿದ್ದೇನೆ. ಇಬ್ಬರು ಬಂದಿರಿ, ಅದಕ್ಕೇ ಆರಿಸಿದೆ. ಆ ಹುಡುಗ ಒಬ್ಬನೇ ಬಂದಿದ್ದರೆ ಅವನನ್ನೇ ಕರೆಯುತ್ತಿದ್ದೆ. ಬನ್ನಿ ಒಳಗೆ.”

ಶಿಹಾಬ್ ತಂದ ಪೊಟ್ಟಣದಿಂದ ಒಂದು ಬಿಲ್ಲೆ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಸೋಮನಾಥ ಬಲಗಾಲಿಟ್ಟು ಒಳಗೆ ಹೋದ. ಅವನಿಗೆ ಕಣ್ಣು ತುಂಬಿ ಬಂತು. ಮೊರಾಗ್ ಇದ್ದಿಲನ್ನು ಪಿಂಗಾಣಿ ತಟ್ಟೆಯಲ್ಲಿಟ್ಟು, ಬೆಣ್ಣೆ ಬಿಸ್ಕತ್ತು ಕೊಟ್ಟು, ಚಹಾಕ್ಕೆ ನೀರಿಟ್ಟರು.

ಬಚ್ಚಲುಮನೆಯಿಂದ ಬಂದ ಶಿಹಾಬ್ ಮೆಲ್ಲಗೆ ಹೇಳಿದ: “ಗೀಸರಿಗೆ ಏನೂ ಆಗ್ಲಿಲ್ಲ ಸಾರ್. ಸ್ವಿಚ್ ಆಫ್ ಮಾಡಿಟ್ಟಿದ್ದಾರೆ, ಅಷ್ಟೆ.”

“ಸುಮ್ಕಿರು. ರಿಪೇರಿ ಆಗೇತಿ, ಮುಂದಿನ ವಾರ ಮತ್ತ ಬಂದು ನೋಡಬೇಕು ಅಂತ ಜಾಬ್ ಕಾರ್ಡಿನ್ಯಾಗ ಬರಿ” ಎಂದ ಸೋಮನಾಥ.

ಸಂಜೆ ಕಂಪನಿಯ ಪಿಕಪ್ ಸೋಮನಾಥನ ಫ್ಲ್ಯಾಟಿನ ಕೆಳಗೆ ನಿಂತಿತು. ಅವನು ಇಳಿಯಲಿಲ್ಲ.

“ಶಿಹಾಬ್, ಸ್ವಲ್ಪ ಮ್ಯಾಲೆ ಬಂದು ಹೋಗಪಾ.”

“ಎಂತ ಸಾರ್, ಏನಾದ್ರೂ ರಿಪೇರಿ ಉಂಟಾ?”

“ಇಲ್ಲ. ಈ ವರ್ಷ ನಮ್ಮನಿಗೂ ಯಾರೂ ಬಂದಿಲ್ಲ.”

ಶಿಹಾಬ್ ಕನ್ನಡಿಯಲ್ಲಿ ತಲೆ ನೋಡಿಕೊಂಡ. “ನನ್ನ ಕೂದಲು ಕೆಂಪು ಸಾರ್.”

“ಇರ್ಲಿ, ಬಾ.”

ಶಿಹಾಬ್ ಉಳಿದ ಇದ್ದಿಲ ಪೊಟ್ಟಣ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಸೋಮನಾಥ ಬೀಗ ತೆಗೆದು, ಅಭ್ಯಾಸದಂತೆ ಹಿಂದೆ ಸರಿದು ನಿಂತ. ಒಳಗೆ ಹೋದ ಶಿಹಾಬ್ ದೀಪ ಹಾಕಿ, ತಿರುಗಿ ನೋಡಿದರೆ ಇವನು ಇನ್ನೂ ಬಾಗಿಲ ಹೊರಗೇ ಇದ್ದ.

“ಅಲ್ಲೇ ಯಾಕೆ ನಿಂತ್ರಿ ಸಾರ್? ಬನ್ನಿ, ಒಳಗೆ ಬನ್ನಿ.”